ಬೀಗ ಹಾಕಿದ ಕಾದಂಬರಿ

ಅಸಾಬೆ ನನ್ನ ಸವತಿ. ಕಾನೋ ಪಟ್ಟಣದ ಗ್ವಮ್ಮಾಜಾ ಬಡಾವಣೆಯಲ್ಲಿರುವ ನಮ್ಮ ಮನೆಗೆ ಎರಡನೆಯ ಹೆಂಡತಿಯಾಗಿ ಬಂದಾಗ ಪಾತ್ರೆಗಳಿಗಿಂತ ಹೆಚ್ಚು ನೋಟ್‌ಬುಕ್ಕುಗಳನ್ನು ತಂದಿದ್ದಳು. ಪ್ರೇಮಕಥೆ ಬರೆಯುವುದು ಅವಳ ಕಸುಬು. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಫೋನಿನಲ್ಲಿ ಟೈಪ್ ಮಾಡಿ, ಹಣ ಕೊಟ್ಟ ಹೆಂಗಸರಿಗೆ ಕಳಿಸುತ್ತಿದ್ದಳು. ಒಬ್ಬಳು ಕೊಂಡರೆ ಇಪ್ಪತ್ತು ಜನ ಓದುತ್ತಿದ್ದರು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಆದರೆ ಹೋದ ವರ್ಷದ ಕಾದಂಬರಿಯನ್ನು ಯಾರೋ ಅವಳ ಹೆಸರು ಅಳಿಸಿ ಮಾರಿಕೊಂಡರು. ಆ ಸಿಟ್ಟಿನಲ್ಲಿ ಲಾಗೋಸಿನ ಪ್ರಕಾಶಕರೊಬ್ಬರ ಮಾತಿಗೆ ಒಪ್ಪಿದಳು. ಅವರು ಇ-ಪುಸ್ತಕಕ್ಕೆ ಬೀಗ ಹಾಕುತ್ತಾರಂತೆ. ಕೊಂಡ ಫೋನು ಬಿಟ್ಟು ಬೇರೆಲ್ಲೂ ಅದು ತೆರೆಯುವುದಿಲ್ಲವಂತೆ. “ಸಹಿ ಹಾಕು” ಎಂದವಳು ನಾನೇ.

ಪುಸ್ತಕ ಬಂದು ಎರಡು ವಾರವಾಗಿತ್ತು. ಓಣಿಯ ತುದಿಯಲ್ಲಿ ಅಲಸಂದೆ ವಡೆ ಕರಿಯುವ ಡೇಲು ಮುದುಕಿ ಅಂಗಳಕ್ಕೆ ನುಗ್ಗಿದಳು. ಅರ್ಧ ಓದುವಷ್ಟರಲ್ಲಿ ಅವಳ ಫೋನು ಎಣ್ಣೆ ಬಾಣಲೆಗೆ ಬಿದ್ದಿತ್ತು. ಮಗಳ ಹಳೆಯ ಫೋನಿನಲ್ಲಿ ಪುಸ್ತಕ ತೆರೆಯಲೇ ಇಲ್ಲ.

“ನೀನು ಪುಸ್ತಕ ಮಾರಿದ್ಯೋ, ಬಾಡಿಗೆಗೆ ಕೊಟ್ಟಿದ್ಯೋ?” ಎಂದು ಅಸಾಬೆಯನ್ನು ಕೇಳಿದಳು. “ಆ ಹುಡುಗಿ ಮದ್ವೆ ಆಯ್ತಾ ಇಲ್ವಾ, ಅಷ್ಟು ಹೇಳ್ಬಿಡು, ಎದ್ದು ಹೋಗ್ತೀನಿ.”

ಅಸಾಬೆ ಕೂಡಲೇ ಪ್ರಕಾಶಕ ಕೊಲಾವೊಲೆಗೆ ಫೋನ್ ಹಚ್ಚಿದಳು.

“ಎಲ್ರಿಗೂ ಒಂದೇ ನಿಯಮ ಮೇಡಂ,” ಎಂದ ಅವನು. “ಒಬ್ರಿಗೆ ತೆರೆದ್ರೆ ಊರಿಗೆಲ್ಲ ತೆರೆದ ಹಾಗೆ. ಹೋದ ಸಲ ಕಳಕೊಂಡೋರು ನೀವೇ ತಾನೆ?”

ಅವನ ಮಾತೂ ಸುಳ್ಳಲ್ಲ ಅನ್ನಿಸಿತು ನನಗೆ.

“ಕಳ್ಳ ಹೇಗಾದ್ರೂ ಒಳಗೆ ಬರ್ತಾನೆ ಕಣಪ್ಪ,” ಎಂದಳು ಅಸಾಬೆ. “ನಿನ್ನ ಬೀಗಕ್ಕೆ ಸಿಕ್ಕಿಬಿದ್ದಿರೋದು ಡೇಲು.”

ಫೋನಿಟ್ಟವಳೇ ಡೇಲುವಿಗೆ ಚಾಪೆ ಹಾಸಿದಳು. ತನ್ನ ನೋಟ್‌ಬುಕ್ ತಂದು ಮೊದಲ ಅಧ್ಯಾಯದಿಂದ ಗಟ್ಟಿಯಾಗಿ ಓದತೊಡಗಿದಳು. ಪಕ್ಕದಲ್ಲಿ ಫೋನು ಅವಳ ದನಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ನಾನು ಸಜ್ಜೆ ಕುಟ್ಟುವುದನ್ನು ನಿಲ್ಲಿಸಿದೆ. “ನೀನು ಕುಟ್ಟಕ್ಕಾ, ಮನೆ ಸದ್ದೂ ಇರ್ಲಿ,” ಎಂದಳು. ಒಂಬತ್ತು ದಿನ ಓದಿ, ದಿನದ ಓದನ್ನು ಆಯಾ ದಿನವೇ ಓದುಗರಿಗೆಲ್ಲ ಕಳಿಸಿದಳು: “ಯಾರಿಗೆ ಬೇಕಾದ್ರೂ ದಾಟಿಸಿ. ನನ್ನ ಹೆಸರು ಮಾತ್ರ ತೆಗೀಬೇಡಿ.”

ಕೊಲಾವೊಲೆ ಕೆಂಡವಾದ. “ಇದು ಒಪ್ಪಂದಕ್ಕೆ ವಿರುದ್ಧ!”

“ಬರೆದದ್ದನ್ನ ಮಾರೋಕೆ ಸಹಿ ಹಾಕಿದ್ದೀನಿ, ಗಂಟಲಿಗಲ್ಲ. ಅದಕ್ಕೂ ಬೀಗ ಇದ್ರೆ ತಗೊಂಡ್ಬಾ, ಅಂಗಳದಲ್ಲೇ ಕೂತಿರ್ತೀನಿ.”

ಅವನು ಬರಲಿಲ್ಲ. ಪುಸ್ತಕವನ್ನು ಮಾರಾಟದಿಂದ ತೆಗೆದುಹಾಕಿದ. ಬರಬೇಕಿದ್ದ ಹಣ ನಿಂತುಹೋಗಿ, ಆ ವರ್ಷದ ಹಬ್ಬಕ್ಕೆ ಅಸಾಬೆ ನನ್ನ ಬಟ್ಟೆಯನ್ನೇ ಉಟ್ಟಳು; ಬಣ್ಣ ಒಪ್ಪುವುದಿಲ್ಲವೆಂದು ಗೊಣಗಿದಳು ಕೂಡ. ಅವಳ ಓದನ್ನು ಕೇಳಿಸಿಕೊಂಡ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ಏನೂ ಕೊಡಲಿಲ್ಲ. ಉಳಿದವರು ಮುಂದಿನ ಕಥೆಗೆಂದು ಮುಂಗಡ ಕಳಿಸಿದರು, ಜೋಸ್‌ನಿಂದ, ನಿಯಾಮೆಯಿಂದ, ಅವಳ ಹೆಸರನ್ನೇ ಕೇಳಿರದ ಊರುಗಳಿಂದ.

“ಸಣ್ಣದೊಂದು ಬೀಗ ಇದ್ದಿದ್ರೆ ಒಳ್ಳೇದಿತ್ತು,” ಎಂದು ನಾನು ಈಗಲೂ ಅನ್ನುತ್ತೇನೆ.

“ಹಾಕ್ಕೋ ಅಕ್ಕಾ, ನಿನ್ನ ಬಾಯಿಗೆ,” ಅನ್ನುತ್ತಾಳೆ.

ಹೊಸ ಕಥೆ ಏಳನೇ ಅಧ್ಯಾಯಕ್ಕೆ ಬಂದಿದೆ. ಅದಕ್ಕೆ ಬೀಗವಿಲ್ಲ.