ನಾಲ್ಕಿಂಚಿನ ಮೇಲೆ ಲವಿಟಾ

ಕುವೈತಿನ ಅಬು ಹಲೀಫಾದ ಕಡಲ ದಂಡೆಯಲ್ಲಿ, ನೀರಿನ ಮೇಲಿನ ಮಂಜು ಇನ್ನೂ ಪೂರ್ತಿ ಏಳದ ಹೊತ್ತಿನಲ್ಲಿ, ಹುಡುಗಿಯೊಬ್ಬಳು ಮೋಟುಗೋಡೆಯ ಮೇಲೆ ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದಳು. ಹಿಂದಕ್ಕೆ ನಡೆದಳು, ಒಂಟಿಗಾಲಲ್ಲಿ ನಿಂತಳು, ಗಾಳಿ ಏನೋ ಹೇಳಿತೆಂಬಂತೆ ತಲೆ ಎತ್ತಿದಳು. ಅವಳ ಅಪ್ಪ ಚಹಾದ ಫ್ಲಾಸ್ಕ್ ಹಿಡಿದು ತಣ್ಣಗೆ ಹಿಂಬಾಲಿಸುತ್ತಿದ್ದ. ವಾಕಿಂಗ್ ಬಂದ ರೋಹಿದಾಸರು ನಿಂತು ನೋಡಿದರು. ಇದು ನಿದ್ದೆಯಲ್ಲಿ ನಡೆಯುವ ಕಾಯಿಲೆಯೇ ಎಂದು ತೀರ್ಮಾನಿಸಿದರು. ಒಂಬತ್ತು ವರ್ಷದಿಂದ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾಗಿರುವವರು ಯಾವುದನ್ನೂ ತೀರ್ಮಾನಿಸದೆ ಬಿಡುವುದಿಲ್ಲ. ಅಪ್ಪನನ್ನು ಪಕ್ಕಕ್ಕೆ ಕರೆದು ಒಳ್ಳೆಯ ಮನೋವೈದ್ಯರೊಬ್ಬರ ನಂಬರ್ ಕೊಟ್ಟರು. ಅಪ್ಪ ಯೂಜಿನ್ ವಿನಯದಿಂದ ಅದನ್ನು ಬರೆದುಕೊಂಡು, ಮಗಳು ಜಿಮ್ನಾಸ್ಟ್ ಎಂದ.

ಗೋಡೆಯ ಮೇಲೆ ಸೀಮೆಸುಣ್ಣದ ಎರಡು ಗೆರೆಗಳಿದ್ದವು, ನಡುವೆ ನಾಲ್ಕಿಂಚು. ಜಿಮ್ನಾಸ್ಟರು ಕಸರತ್ತು ಮಾಡುವ ಬೀಮ್ ಎಂಬ ತೊಲೆಯ ಅಗಲ ಅಷ್ಟೇ. ಯೂಜಿನ್ ತೈಲ ಕಂಪನಿಯೊಂದರಲ್ಲಿ ಪೈಪುಗಳ ಅಳತೆ ತೆಗೆಯುವವನಾದ್ದರಿಂದ ಗೆರೆ ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ.

ಲವಿಟಾ ಹುಟ್ಟಿದ್ದು ಕುವೈತಿನಲ್ಲೇ. ನಡೆಯಲು ಕಲಿತ ಮೇಲೆ ಅವಳು ನೆಲದಲ್ಲಿ ನಡೆದದ್ದೇ ಕಡಿಮೆ ಎಂದು ತಾಯಿ ತೆರೆಸಾ ಹೇಳುತ್ತಾಳೆ. ಸೋಫಾದ ಬೆನ್ನು, ಬಾತ್‌ಟಬ್ಬಿನ ಅಂಚು ಅವಳ ರಸ್ತೆಗಳು. ಆರನೇ ವಯಸ್ಸಿಗೆ ಸಾಲ್ಮಿಯಾದ ಕ್ಲಬ್ಬಿಗೆ ಸೇರಿದವಳು ಹನ್ನೆರಡಕ್ಕೆ ತನ್ನ ವಯಸ್ಸಿನವರಲ್ಲಿ ಚಾಂಪಿಯನ್. ಹದಿನಾಲ್ಕಕ್ಕೆ ಬೀಮ್ ಮೇಲೆ ಹಿಂದಕ್ಕೆ ಪಲ್ಟಿ ಹೊಡೆಯುವಾಗ ಕೈ ಜಾರಿ ಮೊಣಕೈ ಮುರಿಯಿತು. ತೆರೆಸಾ ನರ್ಸ್, ಅದೂ ಮೂಳೆ ಮುರಿದವರ ವಾರ್ಡಿನಲ್ಲಿ. ಮುಂದಿನ ಚಾಂಪಿಯನ್‌ಶಿಪ್‌ನಲ್ಲಿ ಆ ಪಲ್ಟಿ ಹೊಡೆದು ಬೀಮ್ ಮೇಲೆಯೇ ನಿಂತರೆ ಸರಿ, ಬಿದ್ದರೆ ಜಿಮ್ನಾಸ್ಟಿಕ್ಸ್ ಖಲಾಸ್ ಎಂದು ಮನೆಯಲ್ಲಿ ಮಾತಾಯಿತು.

ರೋಹಿದಾಸರು ಅಷ್ಟರಲ್ಲಿ ಅವಳನ್ನು ‘ನಮ್ಮ ಹುಡುಗಿ’ ಮಾಡಿಕೊಂಡಿದ್ದರು. ಸ್ಪರ್ಧೆಯ ದಿನ ಶಾಲು, ಹಣ್ಣಿನ ಬುಟ್ಟಿ, ಬ್ಯಾನರ್ ಸಮೇತ ಬಂದರು. ಬ್ಯಾನರಿನಲ್ಲಿ ಲವಿಟಾಳ ಫೋಟೋವೂ ಇತ್ತು, ಹುಡುಕಿದರೆ ಸಿಗುವಂತೆ. ಸನ್ಮಾನಿತರ ಕೈಗೆ ಅತ್ತರು ಹಚ್ಚುವುದು ಸಂಘದ ಪದ್ಧತಿ. ಗೆದ್ದ ಮೇಲೆ ಅರಬರು, ಈಜಿಪ್ಟಿನವರು ಮುತ್ತಿಕೊಂಡರೆ ತಮಗೆ ಜಾಗ ಸಿಗಲಿಕ್ಕಿಲ್ಲವೆಂದು, ಅವಳ ಹೆಸರು ಕೂಗುವ ಐದು ನಿಮಿಷ ಮೊದಲೇ ಎರಡೂ ಅಂಗೈಗೆ ಧಾರಾಳವಾಗಿ ಊದು ಎಂಬ ಅಗರಿನ ಎಣ್ಣೆ ಸವರಿ ಹರಸಿದರು.

ಲವಿಟಾ ಅಂಗೈ ನೋಡಿಕೊಂಡಳು. ಕೈ ಜಾರದಿರಲು ಹಚ್ಚುವ ಬಿಳಿ ಪುಡಿಯಲ್ಲಿ ಕೈ ಅದ್ದಿದಳು. ಪುಡಿ ಕೆಸರಾಯಿತು.

“ಪಪ್ಪಾ, ಪೌಡರ್ ನಿಲ್ತಾ ಇಲ್ಲ.”

“ಸೋಪು ಹಾಕಿ ತೊಳಿ,” ಎಂದ ಯೂಜಿನ್. ಅವನ ದನಿ ಮೊದಲ ಸಲ ಅಳತೆ ತಪ್ಪಿತು.

ಅವಳಿಗೆ ಕಲಿಸುವ ಕೋಚಮ್ಮ ರೋಹಿದಾಸರನ್ನು ಹಣ್ಣಿನ ಬುಟ್ಟಿಯ ಸಮೇತ ಆಚೆ ತಳ್ಳಿದಳು. ತಾವು ಮಾಡಿದ್ದೇನೆಂದು ಅವರಿಗೆ ಆಗ ಹೊಳೆಯಿತು. ಹುಡುಗಿ ಮೂರು ಸಲ ತೊಳೆದು ಬಂದಳು. ಹೆಸರು ಎರಡನೇ ಸಲ ಕೂಗಿಯಾಗಿತ್ತು. ಗ್ಯಾಲರಿಯಲ್ಲಿ ತೆರೆಸಾ ಜಪಮಾಲೆಯ ಒಂದೇ ಮಣಿಯನ್ನು ತಿಕ್ಕುತ್ತಿದ್ದಳು.

ಬೀಮ್ ಏರಿದ ಮೇಲೆ ಎಲ್ಲವೂ ನೀರಿನೊಳಗೆ ನಡೆದಂತಾಯಿತು. ಸದ್ದುಗಳು ದೂರ ಸರಿದವು. ಊದಿನ ಕಂಪು ಮಾತ್ರ ಹಾಲ್ ತುಂಬ ತೇಲುತ್ತ ರೋಹಿದಾಸರ ಮೂಗನ್ನೇ ಹುಡುಕಿಕೊಂಡು ಬಂತು. ಲವಿಟಾ ಬೆನ್ನನ್ನು ಬಿಲ್ಲಾಗಿಸಿ ಹಿಂದಕ್ಕೆ ಸುರಿದಳು. ಹೊಗೆಯ ಸುರುಳಿಯೊಂದು ನಿಧಾನವಾಗಿ ಬಿಚ್ಚಿಕೊಂಡಂತೆ. ಅಂಗೈ ತೊಲೆಗೆ ತಾಗಿತು. ರೋಹಿದಾಸರು ಕಣ್ಣು ಮುಚ್ಚಿದರು. ಸಂಘಕ್ಕೆ ರಾಜೀನಾಮೆ ಕೊಡುವುದಾಗಿ ಮನಸ್ಸಿನಲ್ಲೇ ಹರಕೆ ಹೊತ್ತರು. ಕಣ್ಣು ತೆರೆದಾಗ ಅವಳು ನಾಲ್ಕಿಂಚಿನ ಮೇಲೆ ನಿಂತಿದ್ದಳು. ಒಂದು ಪಾದ ತುಸು ನಡುಗಿತು, ಬೆರಳು ಮಡಚಿ ತೊಲೆಯನ್ನು ಹಿಡಿಯಿತು, ಸುಮ್ಮನಾಯಿತು.

ಚಿನ್ನ ಬಂತು. ತೆರೆಸಾ ಅಳುತ್ತಲೇ, ಮುಂದಿನ ವರ್ಷವೂ ಹೋಗಲಿ ಅಂದಳು. ರಾಜೀನಾಮೆಯ ಮಾತು ರೋಹಿದಾಸರಿಗೆ ಮರೆತೇಹೋಯಿತು. ಸಂಘದ ಫೇಸ್‌ಬುಕ್ಕಿಗೆಂದು ಫೋನನ್ನು ಅವಳ ಮುಖಕ್ಕೆ ಹಿಡಿದು, ಗಂಟಲು ಸರಿಮಾಡಿಕೊಂಡು ಕೇಳಿದರು:

“ತಲೆಕೆಳಗಾದ ಆ ಕ್ಷಣದಲ್ಲಿ ನಿನ್ನ ಮನಸ್ಸಿನಲ್ಲಿ ಕನ್ನಡ ನಾಡಿನ ಯಾವ ಚಿತ್ರ ಮೂಡಿತು, ಮಗಾ?”

“ಯಾವ್ದೂ ಇಲ್ಲ ಅಂಕಲ್. ಕೈ ಜಾರದಿದ್ರೆ ಸಾಕು ಅಂತ ಇತ್ತು.”