ಉಳಿದ ಕಾಲು

ಪ್ರಾಯವಾದವರನ್ನು ನಮ್ಮ ಕಡೆ ಬಹಳ ಜೋಪಾನವಾಗಿ ನೋಡಿಕೊಳ್ಳುತ್ತಾರೆ. ಎಲ್ಲಿಯವರೆಗೆ ಎಂದರೆ, ನೋವಿನ ಮಾತ್ರೆಯನ್ನೂ ಇಡೀ ಕೊಡುವುದಿಲ್ಲ.

ನಾನು ಪುತ್ತೂರು–ಕಡಬ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಎಮರ್ಜೆನ್ಸಿ ಮುಗಿದ ವರ್ಷ ಕೆಲಸ ಬಿಟ್ಟೆ. ಆಮೇಲೆ ಸೊಂಟ ಹಿಡಿಯಿತು. ನಿಂತು ನಿಂತು ಬಂದದ್ದು ಎಂದುಕೊಂಡು ಎಣ್ಣೆ ತಿಕ್ಕಿಸಿದೆ. ಹೋಗಲಿಲ್ಲ. ಮಂಗಳೂರಿನಲ್ಲಿ ಎಕ್ಸ್‌ರೇ, ಬಯಾಪ್ಸಿ ಎಲ್ಲ ಆಯಿತು.

ಪ್ರಾಸ್ಟೇಟ್ ಕ್ಯಾನ್ಸರ್. ಎಲುಬಿಗೆ ಇಳಿದಿದೆ.

ಅಲ್ಲಿ ಆಪರೇಷನ್ ಮಾಡಿದರು. ನೋವಿಗೆ ಊರಿನಲ್ಲೇ ಮದ್ದು ಮಾಡಿ ಎಂದರು. ಪುತ್ತೂರಿನ ಡಾಕ್ಟರು ಹೇಳಿದರು: "ಪ್ರಾಯವಾದ ಶರೀರ ಶೀನಣ್ಣ. ಅರ್ಧ ಮಾತ್ರೆಯಿಂದ ಶುರು ಮಾಡುವ. ಸಾಲದಿದ್ದರೆ ಏರಿಸುವ."

ಹೆಂಡತಿ ತೀರಿದ ಮೇಲೆ ನನಗೆ ಬೇಯಿಸಿ ಹಾಕುವುದು, ಬೈಯುವುದು ಎರಡೂ ನನ್ನ ಅಕ್ಕ. ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಹುಗಿದು ಕೊಡುತ್ತಿದ್ದಳು. ನುಂಗುತ್ತಿದ್ದೆ. ನೋವು ಜಗ್ಗಲಿಲ್ಲ. ಮಲಗಿದರೂ ನೋವು, ಕೂತರೂ ನೋವು. ಆಯುಷ್ಯವಿಡೀ ಬಸ್ಸಿನಲ್ಲಿ ನಿಂತವನು ಈಗ ಮನೆಯಲ್ಲೂ ಕಂಬ ಹಿಡಿದು ನಿಂತೆ, ಗಂಜಿಯನ್ನೂ ನಿಂತೇ ಕುಡಿದೆ.

ಮತ್ತೆ ಪುತ್ತೂರಿಗೆ ಹೋದೆವು. ಡಾಕ್ಟರು ತಲೆ ಕೆರೆದುಕೊಂಡರು. "ಈ ಮಾತ್ರೆ ನಿಮಗೆ ಹಿಡಿಯುದಿಲ್ಲ. ಇಂಜೆಕ್ಷನ್ನೇ ಕೊಡ್ಬೇಕು. ಸ್ಟ್ರಾಂಗ್ ಉಂಟು, ಈ ಪ್ರಾಯಕ್ಕೆ ಉಸಿರು ಕಟ್ಟುವ ಹೆದರಿಕೆ."

ಅಕ್ಕ ನಡುವೆ ಬಾಯಿ ಹಾಕಿದಳು. "ಬೇಡ ಮಾರಾಯ್ರೆ! ಕಾಲು ಮಾತ್ರೆಗೇ ಇವನಿಗೆ ಹೊಟ್ಟೆ ಉರಿ."

"ಯಾವ ಕಾಲು?"

"ನೀವು ಹೇಳಿದ ಅರ್ಧದಲ್ಲಿ ಅರ್ಧ. ಅಡಕತ್ತರಿಯಲ್ಲಿ ಸರೀ ತುಂಡು ಮಾಡಿದ್ದೇನೆ. ಇಂಗ್ಲಿಷ್ ಮದ್ದು ಹೀಟ್ ಅಲ್ವಾ?"

"ಮತ್ತೆ ಉಳಿದ ಕಾಲು?"

"ಅದು ನನ್ನ ಕಾಲಿಗೆ. ಗಂಟುನೋವು. ಬಿಸಾಡುದು ಎಂತಕ್ಕೆ?"

ಡಾಕ್ಟರು ಬಗ್ಗಿ ಅವಳ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು.

ಗುಳಿ ಹಾಗೆಯೇ ನಿಂತಿತು.

"ಬಿ.ಪಿ. ಇರುವವರು ನೀವು! ಈ ಬಾವು ಮಾತ್ರೆಯಿಂದಲೇ. ಅದು ನಿಮಗೆ ವಿಷ, ಅಕ್ಕ." ಬರೆದಿದ್ದ ಇಂಜೆಕ್ಷನ್ನಿನ ಚೀಟಿಯನ್ನು ಹರಿದು ಬಿಸಾಡಿದರು.

ಬಸ್ಸಿನಲ್ಲಿ ಮಕ್ಕಳಿಗೆ ಹಾಫ್ ಟಿಕೆಟ್ ಹರಿದವನು ನಾನು. ಕಾಲು ಟಿಕೆಟ್ ಎಂಬುದು ನಮ್ಮ ಕಂಪೆನಿಯಲ್ಲಿ ಇರಲಿಲ್ಲ. ಇಷ್ಟು ದಿನ ತಿಂದ ನೋವಿನಲ್ಲಿ ಕ್ಯಾನ್ಸರಿನದ್ದೆಷ್ಟು, ಅಕ್ಕನ ಅಕ್ಕರೆಯದ್ದೆಷ್ಟು ಎಂದು ಭಾಗ ಮಾಡುವ ಅಡಕತ್ತರಿ ಯಾರಲ್ಲೂ ಇಲ್ಲ. ಊರಿಗೆ ಮರಳುವ ಬಸ್ಸು ಸವಣೂರು ದಾಟಿತು. ಅವಳು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ.

ಅರ್ಧ ಸಾಲದೆ ಡಾಕ್ಟರು ಇಡೀ ಮಾಡಿದ್ದಾರೆ. ಈಗ ನಾನೇ ನೋಡಿ ನುಂಗುತ್ತೇನೆ. ಅಕ್ಕನ ಕಾಲಿನ ಬಾವು ಇಳಿದಿದೆ. ಕೂತು ಊಟ ಮಾಡುತ್ತೇನೆ. ಕ್ಯಾನ್ಸರ್ ಎಲುಬಿನಲ್ಲಿಯೇ ಉಂಟು.