ಎರಡೂ ಒಂದೇ ಅಂದವರಿಗೆ

ಮೊನ್ನೆ ನಂಜನಗೂಡಿನ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಸೀದುಹೋಯಿತು. "ಕಿಟಕಿ ತೆಗಿಯಮ್ಮಾ, ವಾಸನೆ!" ಅಂತ ಮಗಳು ಕೂಗಿಕೊಂಡಳು. ನಾನು ತೆಗೆಯಲಿಲ್ಲ. ಇರಲಿ, ಇನ್ನೊಂದು ಗಳಿಗೆ ಇರಲಿ. ಆ ವಾಸನೆ ಬಂತೆಂದರೆ ನಾನು ಹತ್ತು ವರ್ಷದ ಹುಡುಗಿಯಾಗಿ ನರಸೀಪುರದ ಅಡಿಗೆಮನೆಯಲ್ಲಿ ನಿಂತಿರುತ್ತೇನೆ, ಪಕ್ಕದಲ್ಲಿ ನಾಗರತ್ನತ್ತೆ. ಅಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಹಟ ಹಿಡಿದು ಓದಿ, ಮಿಡ್ಲ್ ಸ್ಕೂಲಿಗೆ ಇಂಗ್ಲಿಷ್ ಮೇಡಂ ಆದವಳು. ಅಜ್ಜಿ ತಾತನನ್ನು ಕೊನೆಗಾಲದವರೆಗೂ ನೋಡಿಕೊಂಡವಳೂ ಅವಳೇ. ಅಪ್ಪ ಮೂಗೂರಿನಲ್ಲಿ ಜಮೀನು ನೋಡಿಕೊಳ್ಳುತ್ತಿದ್ದರು. ನನ್ನನ್ನು ಓದಲಿಕ್ಕೆಂದು ಅತ್ತೆಯ ಹತ್ತಿರ ಬಿಟ್ಟಿದ್ದರು.

ಅವಳ ಪಾಠಕ್ಕೆ ಪುಸ್ತಕವೇ ಬೇಕಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ನನ್ನನ್ನು ನಿಲ್ಲಿಸುವಳು. "ಸೀ ಅಂದ್ರೆ ಕಣ್ಣಿಗೆ ಬಿತ್ತು, ಅಷ್ಟೆ. ಲುಕ್ ಅಂದ್ರೆ ನೀನೇ ತಿರುಗಿ ನೋಡ್ದೆ. ವಾಚ್ ಅಂದ್ರೆ ಇದು ಉಕ್ಕೋವರೆಗೂ ಕಣ್ಣು ಕೀಳಬೇಡ. ತಿಳೀತೇನೇ?" ಪಕ್ಕದ ಮನೆ ಪುಟ್ತಾಯಮ್ಮ "ವಸಿ ಎಪ್ಪು ಕೊಡಿ ಮೇಡಮ್ಮೋರೇ" ಅಂತ ಹಾಲಿಗೆ ಹಾಕಲು ಒಂದು ಚಮಚ ಮೊಸರು ಕೇಳಿಕೊಂಡು ಬಂದರೆ, ಅತ್ತೆ ಕೊಡೋದಕ್ಕೆ ಮೊದಲು ನನ್ನ ಕಡೆ ತಿರುಗುವಳು: ನಮ್ಮಿಬ್ಬರಲ್ಲಿ 'ಬಾರೋ' ಮಾಡೋರು ಯಾರು, 'ಲೆಂಡ್' ಮಾಡೋರು ಯಾರು? ನಾನು ತಪ್ಪು ಹೇಳಿದರೆ ಪಾಪ ಪುಟ್ತಾಯಮ್ಮ, ನಾನು ಸರಿ ಹೇಳುವ ತನಕ ಬಟ್ಟಲು ಹಿಡಿದು ನಿಂತಿರಬೇಕಾಗಿತ್ತು. ಆ ಹೆಂಗಸಿಗೂ ಕೊನೆಕೊನೆಗೆ ಉತ್ತರ ಗೊತ್ತಾಗಿಬಿಟ್ಟಿತ್ತು. ಕರೀ ಕಡಪ ಕಲ್ಲಿನ ಕಟ್ಟೆ, ಹೊಗೆ ಹಿಡಿದ ಹಂಚು, ತೊಟ್ಟಿಯಲ್ಲಿ ಬೀಳುವ ಬಿಸಿಲು, ನಗು. ಅಯ್ಯೋ, ಎಂಥಾ ಮನೆ ಅದು!

ಒಂದು ಭಾನುವಾರ ಚಿಕ್ಕಪ್ಪ ಬಂದ, ಅತ್ತೆಯ ತಮ್ಮ. ಆಸ್ತಿ ಪಾಲು ಮಾಡುವುದಿತ್ತು. ಜಮೀನು ಅಪ್ಪನಿಗೆ, ಮನೆ ಚಿಕ್ಕಪ್ಪನಿಗೆ. ಅತ್ತೆ ಬದುಕಿರುವ ತನಕ ಅಲ್ಲೇ ಇರಬಹುದು ಅಂತ ಮೈಸೂರಿನ ಲಾಯರಿಂದ ಇಂಗ್ಲಿಷಿನಲ್ಲಿ ಪತ್ರ ಟೈಪು ಮಾಡಿಸಿ ತಂದಿದ್ದ. ಹಾಲು ಕಾಯುತ್ತಿದ್ದ ನನ್ನನ್ನು ಅತ್ತೆ ಕರೆದು, ಗಟ್ಟಿಯಾಗಿ ಓದು ಅಂದಳು. ಓದಿದೆ. ಈ ಮನೆಯಲ್ಲಿರಲು ಆಕೆ 'ಅಲೌಡ್' ಅಂತಿತ್ತು. ಅತ್ತೆ ಕನ್ನಡಕ ತೆಗೆದು, ಕ್ಲಾಸಿನಲ್ಲಿ ಕೇಳುವ ಹಾಗೇ ಕೇಳಿದಳು: "ಅಲೌಡಿಗೂ ರೈಟಿಗೂ ವ್ಯತ್ಯಾಸ ಹೇಳು."

"ಪುಟ್ತಾಯಮ್ಮನ ಬೆಕ್ಕು ನಮ್ಮ ಒಲೆ ಹತ್ರ ಮಲಗುತ್ತಲ್ಲ ಅತ್ತೆ, ಅದು ಅಲೌಡ್. ಬೇಜಾರಾದ್ರೆ ಓಡಿಸ್ತೀವಿ. ನೀವು ಮಲಗೋದು ರೈಟು. ನಿಮ್ಮನ್ನ ಓಡಿಸೋಕಾಗಲ್ಲ."

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ಎರಡೂ ಒಂದೇ ಕಣಕ್ಕಾ. ಸುಮ್ನೆ ರುಜು ಹಾಕು."

"ಎರಡೂ ಒಂದೇ ಆಗಿದ್ರೆ, 'ರೈಟ್' ಅಂತಲೇ ಬರೆಸ್ಕೊಂಡು ಬಾ."

ಅವನು ಕಾಫಿ ಕೂಡ ಕುಡಿಯದೆ ಎದ್ದುಹೋದ. ಅಷ್ಟರಲ್ಲಿ ಹಾಲು ಉಕ್ಕಿ, ಸೀದು, ಮನೆಯೆಲ್ಲ ಘಾಟು. ಬೈಗುಳ ಗ್ಯಾರಂಟಿ ಅಂತ ತಲೆ ತಗ್ಗಿಸಿ ನಿಂತೆ. ಅತ್ತೆ ಬಂದು ಒಲೆ ಆರಿಸಿ, "ಹೋಗ್ಲಿ ಬಿಡು," ಅಂದಳು, ಅಷ್ಟೇ. ಎಂಟು ತಿಂಗಳು ಚಿಕ್ಕಪ್ಪ ಮುಖ ತೋರಿಸಲಿಲ್ಲ. ನೆಂಟರೆಲ್ಲ ಇಂಗ್ಲಿಷ್ ಬರುತ್ತೆ ಅಂತ ಜಂಬ ಅಂದರು. ಹೌದು, ಜಂಬವೇ! ಇದ್ದರೇನೀಗ? ಒಂದು ಬೆಕ್ಕಿನ ಹಾಗೆ ಇರು ಅಂದವರ ಮುಂದೆ ಅಷ್ಟೂ ಜಂಬ ಬೇಡವೇ? ಕೊನೆಗೆ 'ರೈಟ್' ಅಂತಲೇ ಬರೆದ ಪತ್ರ ಬಂತು, ಅತ್ತೆ ರುಜು ಹಾಕಿದಳು. ಮುಂದೆ ಹತ್ತೊಂಬತ್ತು ವರ್ಷ ಆ ಮನೆಯಲ್ಲೇ ಬಾಳಿ, ಆ ನಡುಮನೆಯಲ್ಲೇ ಕಣ್ಣು ಮುಚ್ಚಿದಳು. ವರ್ಷ ತುಂಬುವುದರೊಳಗೆ ಚಿಕ್ಕಪ್ಪ ಮನೆ ಮಾರಿದ.

ಮೊನ್ನೆ ನಮ್ಮ ಮನೆಯಲ್ಲಿ ಹಾಲು ಸೀದ ಮಾರನೆಯ ದಿನ ನಾನು ನರಸೀಪುರದ ಬಸ್ಸು ಹತ್ತಿದೆ. ಜಗಲಿ ಒಡೆದು ಮೊಬೈಲ್ ಅಂಗಡಿ ಮಾಡಿದ್ದಾರೆ. ಹಿಂದಿನ ಅಡಿಗೆಮನೆ ಮಾತ್ರ ಹಾಗೇ ಉಳಿದು ಗೋಡೌನಾಗಿದೆ. ನಾನು ಯಾರೆಂದು ಹೇಳಿದೆ. ಅಂಗಡಿಯವನು ಒಳ್ಳೆಯವನೇ. "ನೋಡ್ಬೇಕಾ ಮೇಡಂ? ಬನ್ನಿ, ಒಳಕ್ಕೆ ಬಿಡ್ತೀನಿ. ಐದು ನಿಮಿಷ ಅಷ್ಟೇಯ, ಸ್ಟಾಕ್ ಬತ್ತಾ ಅದೆ," ಅಂದ.

ಬಿಡ್ತಾನಂತೆ. ಆ ಒಲೆಯ ಹತ್ತಿರಕ್ಕೆ, ನನ್ನನ್ನು, ಐದು ನಿಮಿಷ.

"ಬೇಡಪ್ಪಾ, ಒಳ್ಳೇದಾಗ್ಲಿ," ಅಂದು ರಸ್ತೆ ದಾಟಿ ಎದುರಿಗೆ ನಿಂತೆ. ರಸ್ತೆಯಲ್ಲಿ ನಿಲ್ಲೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಅಂಗಡಿಯ ಬೋರ್ಡಿನ ಮೇಲೆ, ಹಿಂದುಗಡೆ, ನಮ್ಮ ಹಂಚು ಇನ್ನೂ ಒಂದಿಷ್ಟು ಕಾಣುತ್ತಿತ್ತು. ಎರಡು ಬಸ್ಸು ಬಂದು ಹೋದವು. ನಾನು ಕಣ್ಣು ಕೀಳಲಿಲ್ಲ.